ಮಾಗಿಯ ಬೆರಳು

ನಮ್ಮ ಬಿಜಾಪುರ ಸೀಮೆಯ ಚಳಿಯು ಮಲೆನಾಡಿನ ಚಳಿಯಂತೆ ಇಬ್ಬನಿಯಲ್ಲಿ ತೊಯ್ದು ಬರುವಂಥದಲ್ಲ. ದೀಪಾವಳಿ ಕಳೆದು, ಹಿಂಗಾರಿ ಜೋಳ ಮೊಳಕಾಲೆತ್ತರಕ್ಕೆ ಬಂದು, ಮೂಡಣ ಗಾಳಿ ಬೀಸತೊಡಗಿತೆಂದರೆ, ಆಕಾಶವು ನಿರ್ಮಲವಾಗಿ, ನೆಲದಲ್ಲಿಯೂ ಗಾಳಿಯಲ್ಲಿಯೂ ಉಳಿದಿದ್ದ ಅಲ್ಪಸ್ವಲ್ಪ ತೇವವೆಲ್ಲ ಆರಿ, ಎರೆಹೊಲವು ಕೈ ತೂರುವಷ್ಟು ಬಿರುಕು ಬಿಡುವ ಹೊತ್ತಿಗೆ ಮನುಷ್ಯನ ತುಟಿ, ಹಿಮ್ಮಡಿ, ಬೆರಳ ತುದಿಗಳೂ ಬಿರಿಯತೊಡಗುತ್ತವೆ. ಬೆಳಗಿನ ಜಾವದ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳಲ್ಲಿ ಗೂಡಿನೊಳಗಿನ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳದೆ ತಲೆಗೆ ಹಚ್ಚುವಂತಿಲ್ಲ. ಈ ಒಣ ಚಳಿಯನ್ನು ನಾನು ಹುಟ್ಟಿದಂದಿನಿಂದ ಬಲ್ಲೆ. ಅದರಲ್ಲಿಯೇ ಬೆಳೆದೆ, ಅದರಲ್ಲಿಯೇ ನೌಕರಿ ಮಾಡಿದೆ, ಅದರಲ್ಲಿಯೇ ಮುದುಕನಾದೆ. ಆದರೆ ಅದೇ ಚಳಿಯು ನನ್ನ ಬೆರಳ ಮೇಲಿನ ರೇಖೆಗಳನ್ನು ಅಳಿಸಿ, ಬದುಕಿರುವ ನನ್ನನ್ನು ಸರಕಾರದ ಲೆಕ್ಕದಲ್ಲಿ ಇಲ್ಲದವನನ್ನಾಗಿ ಮಾಡುವ ಸಂದರ್ಭ ಒದಗೀತೆಂದು ಕಳೆದ ವರ್ಷದವರೆಗೆ ಎಣಿಸಿರಲಿಲ್ಲ. ನನ್ನಂತೆ ಪಿಂಚಣಿಯ ಮೇಲೆ ಜೀವಿಸುವ ವೃದ್ಧರೂ, ವೃದ್ಧರನ್ನು ಮನೆಯಲ್ಲಿಟ್ಟುಕೊಂಡಿರುವ ಮಕ್ಕಳೂ ಇದನ್ನು ಮೊದಲೇ ತಿಳಿದಿರಲಿ ಎಂಬ ಉದ್ದೇಶದಿಂದ ಆದದ್ದನ್ನು ಆದಂತೆಯೇ ಬರೆಯುತ್ತಿದ್ದೇನೆ.

ಬಾಲ್ಯದಲ್ಲಿ ಈ ಋತುವು ನಮಗೆ ಕ್ಲೇಶಕರವೆಂದು ತೋರಿದ್ದೇ ಇಲ್ಲ. ಡೋಣಿ ಹೊಳೆಯ ದಂಡೆಯ ಹಳ್ಳಿ ನಮ್ಮದು. ಎಳ್ಳಮವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಭಜ್ಜಿ, ಹೋಳಿಗೆಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ತೆನೆ ಹಾಲುದುಂಬಿದ ಮೇಲೆ ಕುಳ್ಳಿನ ಕೆಂಡದಲ್ಲಿ ಸೀತನಿ ಸುಟ್ಟು ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ ತಿನ್ನುವುದು, ಇವುಗಳ ನಡುವೆ ಚಳಿಯ ವಿಚಾರ ಯಾರಿಗೆ ಬೇಕಾಗಿತ್ತು? ನಮ್ಮ ಮೊಳಕಾಲಿನ ಕೆಳಗಿನ ಚರ್ಮ ಒಣಗಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಉಗುರಿನಿಂದ ಗೀರಿದರೆ ಬೆಳ್ಳಗೆ ಗೆರೆ ಮೂಡುತ್ತಿತ್ತು. ಶಾಲೆಯಲ್ಲಿ ಮಾಸ್ತರರ ಕಣ್ಣು ತಪ್ಪಿಸಿ ಆ ಚರ್ಮದ ಮೇಲೆ ನಾವು ಮಗ್ಗಿಯ ಅಂಕಿಗಳನ್ನೂ, ಪಕ್ಕದವನ ಅಡ್ಡಹೆಸರನ್ನೂ ಬರೆಯುತ್ತಿದ್ದೆವು. ಸಂಜೆ ನಮ್ಮಜ್ಜಿ ಕುಸುಬಿ ಎಣ್ಣೆಯನ್ನು ಸೌಟಿನಲ್ಲಿ ಬಿಸಿ ಮಾಡಿ, ತಿಕ್ಕಲು ಕುಳಿತಳೆಂದರೆ ದಿನದ ಬರಹವೆಲ್ಲ ಮಾಯವಾಗಿ, ಕಾಲು ಕಂಚಿನಂತೆ ಹೊಳೆಯುತ್ತಿತ್ತು. ಆಕೆಯ ಬೆರಳುಗಳು ನೆನಪಿವೆ: ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ನುಣುಪಾದ, ತುದಿಯಲ್ಲಿ ಕರಿಯ ಸೀಳುಗಳಿದ್ದ, ನಮ್ಮ ಎಳೆಯ ಚರ್ಮಕ್ಕೆ ಕರಕರನೆ ತಾಗುತ್ತಿದ್ದ ಬೆರಳುಗಳು. ಆ ಬೆರಳುಗಳಿಂದ ಯಾರೂ ಆಕೆಯ ಅಸ್ತಿತ್ವದ ಪುರಾವೆ ಕೇಳಲಿಲ್ಲ.

ಮನುಷ್ಯನ ವಯಸ್ಸನ್ನು ಅಳೆಯಲು ನಮ್ಮ ಮನೆಯಲ್ಲಿ ಜಾತಕವೇ ಬೇಕಾಗಿರಲಿಲ್ಲ. ಚಳಿಗಾಲದ ರಾತ್ರಿ ಪಡಸಾಲೆಯಲ್ಲಿ ಹಾಸುತ್ತಿದ್ದ ಕೌದಿಗಳ ಸಾಲನ್ನು ನೋಡಿದರೆ ಸಾಕಾಗಿತ್ತು. ಹಾಲುಗಲ್ಲದ ಕೂಸು ಅಜ್ಜಿಯ ಮಗ್ಗುಲಲ್ಲಿ ನಟ್ಟನಡುವೆ. ಅದಕ್ಕಿಂತ ದೊಡ್ಡವು ಅದರ ಆಚೀಚೆ. ಮೀಸೆ ಮೂಡುವ ವಯಸ್ಸಿನವರು ಗೋಡೆಯ ಕಡೆ. ಮನೆ ನಡೆಸುವ ಗಂಡಸರು ಗಾಳಿ ನುಗ್ಗುವ ಬಾಗಿಲ ಬಳಿ. ನಡುವಿನಿಂದ ಬಾಗಿಲ ಕಡೆಗೆ ವರ್ಷ ವರ್ಷವೂ ಒಂದೊಂದು ಕೌದಿ ಸರಿಯುತ್ತ ಹೋಗುವುದೇ ನಮಗೆ ಬೆಳೆಯುವುದಾಗಿತ್ತು. ನಾನು ಮೊದಲ ಸಲ ಬಾಗಿಲ ಬಳಿ ಮಲಗಿದ ರಾತ್ರಿ, ಅಪ್ಪನಿಗೆ ಕೆಮ್ಮು ಹತ್ತಿ ಅವರನ್ನು ಒಳಗೆ ಮಲಗಿಸಿದ ರಾತ್ರಿಯೂ ಹೌದು. ಮುಂದೆ ನನಗೂ ಆ ಪಾಳಿ ಬಂತು. ಈಗ ನನ್ನ ಹಾಸಿಗೆಯನ್ನು ನಮ್ಮ ಮನೆಯವರು ಕಿಟಕಿಯಿಂದ ದೂರ, ಅಡಿಗೆಮನೆಯ ಗೋಡೆಗೆ ಒತ್ತಿ ಹಾಸುತ್ತಾರೆ. ಇದರಲ್ಲಿ ನನಗೆ ಯಾವ ಅವಮಾನವೂ ತೋರಿಲ್ಲ. ನನ್ನ ವಾರ್ಧಕ್ಯವನ್ನು ಅರಿತವರು ಅದನ್ನು ಅರಿತ ರೀತಿಯಲ್ಲಿಯೇ ನಡೆಸಿಕೊಂಡರು. ಅವಮಾನವಾದದ್ದು ನನ್ನನ್ನು ಅರಿತವರೇ ಅರಿಯದವರಂತೆ ನಡೆದುಕೊಂಡಾಗ.

ನಾನು ಅಂಚೆ ಇಲಾಖೆಯ ನೌಕರನಾಗಿದ್ದವನು. ಅರಗು ಕಾಯಿಸಿ ಚೀಲದ ಗಂಟಿಗೆ ಮುದ್ರೆ ಒತ್ತುವುದರಿಂದ ಮೊದಲುಗೊಂಡು ಪೋಸ್ಟ್‌ಮಾಸ್ಟರನ ಕುರ್ಚಿಯವರೆಗೆ ಎಲ್ಲ ಕೆಲಸವನ್ನೂ ಈ ಕೈಗಳಿಂದ ಮಾಡಿದ್ದೇನೆ. ಸೊಲ್ಲಾಪುರದ ಗಿರಣಿಗಳಿಂದ ಗಂಡಸರು ಕಳಿಸುತ್ತಿದ್ದ ಮನಿಯಾರ್ಡರುಗಳನ್ನು ಅಕ್ಷರ ಬಾರದ ಹೆಣ್ಣುಮಕ್ಕಳಿಗೆ ಕೊಡುವಾಗ ಮಸಿಯ ಪ್ಯಾಡಿಗೆ ಅವರ ಹೆಬ್ಬೆಟ್ಟನ್ನು ಒತ್ತಿಸಿ, ಪಕ್ಕದಲ್ಲಿ ಗುರುತಿನವರೊಬ್ಬರ ಸಾಕ್ಷಿಯ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಅಚ್ಚು ಕಲೆಸಿಹೋದರೆ ಇನ್ನೊಮ್ಮೆ ಒತ್ತಿಸುತ್ತಿದ್ದೆವು. ಅದೂ ಕಲೆಸಿದರೆ ಹಣ ತಡೆಯುತ್ತಿರಲಿಲ್ಲ, ಏಕೆಂದರೆ ಆಕೆ ಯಾರೆಂದು ಹೇಳುವ ಮನುಷ್ಯ ಎದುರಿಗೇ ನಿಂತಿರುತ್ತಿದ್ದ. ಅಂಚೆಯ ಅಧಿಕಾರಿಗೆ ಇನ್ನೊಂದು ಹೊಣೆಯೂ ಇತ್ತು, ಇಂದಿಗೂ ಇದೆ: ಪಿಂಚಣಿದಾರನು ಜೀವಂತನಿದ್ದಾನೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕಲು ನಿಯಮವು ಒಪ್ಪಿದವರ ಪಟ್ಟಿಯಲ್ಲಿ ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ, ಉಪನೋಂದಣಾಧಿಕಾರಿ, ಗ್ರಾಮ ಪಂಚಾಯತಿಯ ಮುಖ್ಯಸ್ಥರೊಡನೆ ಪೋಸ್ಟ್‌ಮಾಸ್ಟರನೂ ಸೇರಿದ್ದಾನೆ. ಹೀಗೆ ಸಹಿಯಾದ ಪತ್ರ ಬಂದರೆ ಪಿಂಚಣಿದಾರನು ಬ್ಯಾಂಕಿಗೆ ಖುದ್ದಾಗಿ ಬಂದು ನಿಲ್ಲುವ ಅವಶ್ಯಕತೆಯೇ ಇಲ್ಲ. ನಾನು ಎಷ್ಟೋ ಮಾಗಿಯ ಬೆಳಗುಗಳಲ್ಲಿ ಕಂಬಳಿ ಹೊದ್ದು ಬಂದ ಮುದುಕರನ್ನು ಕುಳ್ಳಿರಿಸಿ, ಊರಿನ ಮಳೆಬೆಳೆ ಕೇಳಿ, ಸಹಿ ಮಾಡಿ ಕಳಿಸಿದ್ದೇನೆ. ಆದಕಾರಣ ಮುಂದೆ ಹೇಳುವ ಪ್ರಸಂಗದಲ್ಲಿ ನಾನು ಹಿಡಿದ ಹಟವು ಅಜ್ಞಾನದ ಹಟವಾಗಿರಲಿಲ್ಲ.

ಪಿಂಚಣಿಗೆ ಬೆರಳಿನ ಅಚ್ಚು ಕೇಳುವುದು ಹೊಸ ಕಲ್ಪನೆಯೇನೂ ಅಲ್ಲ. ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬಾತನು 1877ರಲ್ಲಿಯೇ, ಸತ್ತವರ ಪಿಂಚಣಿಯನ್ನು ಬೇರೆಯವರು ಎತ್ತಿಕೊಳ್ಳದಿರಲೆಂದು, ಪಿಂಚಣಿದಾರರ ಬೆರಳಚ್ಚು ತೆಗೆಸುವ ಕ್ರಮವನ್ನು ಆರಂಭಿಸಿದನು. ನಮ್ಮ ಬಿಜಾಪುರದ ಹೆಸರು ಅಧಿಕೃತವಾಗಿ ವಿಜಯಪುರವೆಂದು ಬದಲಾದ 2014ರ ನವೆಂಬರ್ ತಿಂಗಳಲ್ಲಿಯೇ, 10ನೆಯ ತಾರೀಖು, ಕೇಂದ್ರ ಸರಕಾರವು ‘ಜೀವನ ಪ್ರಮಾಣ’ ಎಂಬ ಯೋಜನೆಯಿಂದ ಅದೇ ಬೆರಳನ್ನು ಆಧಾರ್ ಸಂಖ್ಯೆಗೂ ಯಂತ್ರಕ್ಕೂ ಜೋಡಿಸಿತು. ಯೋಜನೆಯ ಸದುದ್ದೇಶದಲ್ಲಿ ನನಗೆ ಸಂಶಯವಿಲ್ಲ. ಹಾಸಿಗೆ ಹಿಡಿದವರಿಗೂ, ಮಕ್ಕಳೊಡನೆ ಪರದೇಶದಲ್ಲಿರುವವರಿಗೂ ಅದರಿಂದ ಉಪಕಾರವಾಗಿದೆ. ಆದರೆ ಬೆರಳಿನ ಸ್ವಭಾವವನ್ನು ಯಾರೂ ಮರೆಯಬಾರದು. ಬೆರಳ ತುದಿಯ ಏಣುಗೆರೆಗಳು ಶಿಶುವು ಗರ್ಭದಲ್ಲಿರುವಾಗಲೇ ಮೂಡಿ ಆಯುಷ್ಯವಿಡೀ ತಮ್ಮ ವಿನ್ಯಾಸವನ್ನು ಬಿಡುವುದಿಲ್ಲವೆಂಬುದು ದಿಟ. ಆದರೆ ವಯಸ್ಸಾದಂತೆ ಚರ್ಮವು ತೆಳುವಾಗಿ, ಬಿಗಿ ಕಳೆದುಕೊಂಡು, ಏಣುಗಳ ಎತ್ತರ ತಗ್ಗುತ್ತದೆ. ಮೈಯ ಬೇರೆ ಭಾಗದ ಚರ್ಮಕ್ಕಿರುವ ಎಣ್ಣೆಯ ಗ್ರಂಥಿಗಳು ಬೆರಳ ತುದಿಗಿಲ್ಲ. ಅದಕ್ಕಿರುವುದು ಬೆವರಿನ ತೇವವೊಂದೇ, ಚಳಿಯಲ್ಲಿ ಅದೂ ಕಡಿಮೆಯಾಗುತ್ತದೆ. ಒಣಗಿದ, ಸೀಳಿದ, ಸವೆದ ಬೆರಳನ್ನು ಗಾಜಿನ ಮೇಲಿಟ್ಟರೆ ಯಂತ್ರಕ್ಕೆ ಕಾಣುವುದು ಅಲ್ಲಲ್ಲಿ ತುಂಡಾದ ಕೆಲವು ಚುಕ್ಕೆಗಳು ಮಾತ್ರ. ಹೀಗಿರುವಾಗ ನನ್ನಂಥ ಪಿಂಚಣಿದಾರರು ತಮ್ಮ ಜೀವಂತಿಕೆಯ ಪುರಾವೆಯನ್ನು ಒಣ ಗಾಳಿ ಆರಂಭವಾಗುವ ನವೆಂಬರ್ ತಿಂಗಳಲ್ಲಿಯೇ ಸಲ್ಲಿಸಬೇಕೆಂದು ಗೊತ್ತುಮಾಡಿದವರು, ಆ ತಿಂಗಳಲ್ಲಿ ಯಾವ ಮುದುಕಿಯ ಕೈಯನ್ನೂ ಹಿಡಿದು ನೋಡಿದವರಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ತಿಂಗಳ ಮೊದಲ ವಾರದಲ್ಲಿಯೇ ಬ್ಯಾಂಕಿಗೆ ಹೋಗುವುದು ನನ್ನ ರೂಢಿ. ಕಳೆದ ವರ್ಷ ಅದನ್ನು ತಪ್ಪಿಸಿದವನು ಪುಣೆಯಲ್ಲಿರುವ ನನ್ನ ಮಗ. “ಅಪ್ಪಾ, ಚಳಿಯಾಗ ನೀವು ಪಾಳಿ ಹಚ್ಚಿ ನಿಂದ್ರೂದು ಬ್ಯಾಡ, ನಾ ಬಂದಾಗ ಫೋನಿನ್ಯಾಗ ಎರಡು ನಿಮಿಷದಾಗ ಮಾಡಿಬಿಡ್ತೀನಿ” ಎಂದು ಆಣೆಯಿಟ್ಟಂತೆ ಹೇಳಿದ. ಈ ವಾರ, ಮುಂದಿನ ವಾರ ಎನ್ನುತ್ತ ತಿಂಗಳ ಕೊನೆಯ ವಾರಕ್ಕೆ ಬಂದ. ಮುಖವನ್ನೇ ಗುರುತಿಸುವ ಸೌಕರ್ಯವು 2021ರಿಂದ ಇರುವುದು ನಿಜ. ಆದರೆ ಅಂಗಳದ ಬಿಸಿಲಿನಲ್ಲಿ ಕುಳ್ಳಿರಿಸಿ, ಫೋನನ್ನು ಮುಖದೆದುರು ಹಿಡಿದು, ಕಣ್ಣು ಮಿಟುಕಿಸಿರೆಂದು ಅವನು ಹೇಳಿದಾಗ, ಪೊರೆಯ ಶಸ್ತ್ರಚಿಕಿತ್ಸೆಯಾದ ನನ್ನ ಕಣ್ಣುಗಳಲ್ಲಿ ಮೂಡಣ ಗಾಳಿಗೆ ನೀರಿಳಿಯುತ್ತಿತ್ತು. ಆಧಾರ್ ಚೀಟಿಯಲ್ಲಿರುವ ನನ್ನ ಭಾವಚಿತ್ರದಲ್ಲಿ ಹಲ್ಲುಗಳಿವೆ, ತುಂಬಿದ ಗಲ್ಲಗಳಿವೆ. ಈಗ ಅವೆರಡೂ ಇಲ್ಲ. “ಅಪ್ಪಾ, ಮಾರಿ ಅಲಗಾಡಸಬ್ಯಾಡ್ರಿ” ಎಂದು ಅವನು ಗದರಿದನೇ ಹೊರತು ಯಂತ್ರದ ಮಿತಿಯನ್ನು ಒಪ್ಪಲಿಲ್ಲ. ರಾತ್ರಿಯ ಬಸ್ಸಿಗೆ ಅವನು ಪುಣೆಗೆ ಹೋದ. ತಾನು ಕೈಗೆತ್ತಿಕೊಂಡ ಕೆಲಸವನ್ನು ನಡುವೆ ಬಿಟ್ಟು ಹೋದನೆಂಬ ಸಿಟ್ಟು ನನಗೆ ಇನ್ನೂ ಆರಿಲ್ಲ. ಅವನು ಇದನ್ನು ಓದಲಿ ಎಂದೇ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋದೆ. ಯಾವ ಬ್ಯಾಂಕು, ಯಾವ ಶಾಖೆ ಎಂಬುದನ್ನು ಹೇಳುವುದಿಲ್ಲ. ಮೆಟ್ಟಿಲ ಮೇಲೆ ಆಗಲೇ ಸಾಲು ಬೆಳೆದಿತ್ತು: ಮಂಕಿಟೋಪಿ ಹಾಕಿದ ನಿವೃತ್ತ ಶಿಕ್ಷಕರು, ಶಾಲಿನಲ್ಲಿ ಮುಖ ಮುಚ್ಚಿಕೊಂಡ ವಿಧವೆಯರು, ಒಬ್ಬ ಮುದುಕರನ್ನು ಎತ್ತಿಕೊಂಡು ಬಂದ ಇಬ್ಬರು ಮೊಮ್ಮಕ್ಕಳು. ಒಳಗೆ ಕೌಂಟರಿನಲ್ಲಿದ್ದ ಗುಮಾಸ್ತನು ನನಗೆ ಹೊಸಬನಲ್ಲ. ವರ್ಷಾನುಗಟ್ಟಲೆ ನನ್ನ ಪಾಸ್‌ಬುಕ್ಕಿಗೆ ಮುದ್ರೆ ಒತ್ತಿದವನು. ಅವನ ಮದುವೆಗೆ ಹೋಗಿ ಅಕ್ಷತೆ ಹಾಕಿ ಊಟ ಮಾಡಿ ಬಂದವನು ನಾನು. ನನ್ನನ್ನು ಕಂಡು “ಬರ್ರಿ ಅಜ್ಜಾರ” ಎಂದ. ನನ್ನ ಆಧಾರ್ ಸಂಖ್ಯೆಯನ್ನು ಬಡಿದು, ಅಂಗೈಗಿಂತ ಚಿಕ್ಕದಾದ ಕರಿಯ ಪೆಟ್ಟಿಗೆಯೊಂದನ್ನು ನನ್ನ ಕಡೆಗೆ ನೂಕಿದ. ಅದರ ಗಾಜಿನ ಕೆಳಗೆ ಕೆಂಪು ಬೆಳಕು ಹೊತ್ತಿತು. ಬಲಗೈ ಹೆಬ್ಬೆರಳನ್ನಿಟ್ಟೆ. ಬೆಳಕು ಆರಿತು, ಮತ್ತೆ ಹೊತ್ತಿತು. “ತಗೋವಲ್ದು. ಇನ್ನೊಮ್ಮೆ ಇಡ್ರಿ.”

ಅಲ್ಲಿಂದ ಮುಂದಿನ ಹೊತ್ತನ್ನು ನೆನೆದರೆ ಈಗಲೂ ಬೆರಳು ಸೆಟೆದುಕೊಳ್ಳುತ್ತದೆ. ಮೆಲ್ಲಗೆ ಇಡಿ ಎಂದ, ಇಟ್ಟೆ. ಗಟ್ಟಿಯಾಗಿ ಒತ್ತಿ ಎಂದ, ಒತ್ತಿದೆ. ಒತ್ತಿದಾಗ ಹೆಬ್ಬೆರಳಿನ ಸೀಳು ಬಾಯ್ಬಿಟ್ಟು ಗಾಜಿನ ಮೇಲೆ ಕೂದಲೆಳೆಯಷ್ಟು ನೆತ್ತರಿನ ಗೆರೆ ಮೂಡಿತು. ಅವನು ಕಾಗದದ ಚೂರಿನಿಂದ ಅದನ್ನು ಒರೆಸಿ, ನನ್ನ ಕಡೆ ನೋಡದೆ, “ಎಡಗೈದು ಇಡ್ರಿ” ಎಂದ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಒಂದೊಂದಾಗಿ ಎಲ್ಲವೂ ಆ ಗಾಜಿನ ಮುಂದೆ ಹೋಗಿ ನಿರಾಕೃತವಾಗಿ ಬಂದವು. ಬೆರಳನ್ನು ತಲೆಗೂದಲಿಗೆ ತಿಕ್ಕಿಕೊಳ್ಳಿ, ಎಣ್ಣೆ ಹತ್ತುತ್ತದೆ ಎಂದ. ನನ್ನ ತಲೆಯಲ್ಲಿ ಕೂದಲಿಲ್ಲವಾದ್ದರಿಂದ ಹಣೆಗೆ ತಿಕ್ಕಿಕೊಂಡೆ. ಹಿಂದಿನಿಂದ ಯಾರೋ, ತಣ್ಣೀರಿನಲ್ಲಿ ತೊಳೆದರೆ ಸರಿಯಾಗುತ್ತದೆ ಎಂದರು. ಮೂಲೆಯ ನಲ್ಲಿಗೆ ಹೋಗಿ, ಸಂಧಿವಾತದಿಂದ ಮಡಚಲಾರದ ಬೆರಳುಗಳನ್ನು ಹಿಮದಂಥ ನೀರಿನಲ್ಲಿ ಹಿಡಿದು, ಧೋತರದ ಸೆರಗಿಗೆ ಒರೆಸಿಕೊಂಡು ಬಂದರೆ, ಚಳಿಗೆ ಚರ್ಮವು ಇನ್ನಷ್ಟು ಸುಕ್ಕಾಗಿತ್ತು. ಸಾಲಿನಲ್ಲಿದ್ದವರ ಗುಜುಗುಜು ಹೆಚ್ಚಿತು. “ಒಬ್ಬರ ಸಲುವಾಗಿ ಎಷ್ಟೊತ್ರೀ?” ಎಂದೊಬ್ಬರು ಕೂಗಿದರು, ಕೂಗಿದವರೂ ನನ್ನ ವಯಸ್ಸಿನವರೇ, ಅವರ ಬೆರಳೂ ಅದೇ ಗಾಜಿಗೆ ಹೋಗಬೇಕಾಗಿತ್ತು, ಆ ಭಯದಿಂದಲೇ ಕೂಗಿದರೆಂದು ನಾನು ಬಲ್ಲೆ. ಕೊನೆಗೆ ಗುಮಾಸ್ತನು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು, “ಅಜ್ಜಾರ, ನಿಮ್ಮ ಬಟ್ಟು ಸವದಾವ್ರಿ. ನೀವಂತ ಮಷೀನಿಗೆ ಗೊತ್ತಾಗವಲ್ದು. ಏನ್ ಮಾಡ್ಲಿ ನಾ?” ಎಂದ. ನಾನು ಅವನ ಎದುರಿಗೆ ನಿಂತಿದ್ದೆ. ನನ್ನ ಹೆಸರು ಅವನಿಗೆ ಗೊತ್ತಿತ್ತು, ನನ್ನ ಮನೆ ಗೊತ್ತಿತ್ತು, ನನ್ನ ಧ್ವನಿ ಗೊತ್ತಿತ್ತು. ನಾನೆಂಬುದು ಗೊತ್ತಿದ್ದೇ ಅಜ್ಜಾರ ಎಂದು ಕರೆಯುತ್ತಿದ್ದ. “ನಿನಗ ಗೊತ್ತೈತಲ್ಲೋ ತಮ್ಮಾ, ನಾ ಅಂತ?” ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಉತ್ತರ ಕೊಡಲಿಲ್ಲ.

ನನ್ನನ್ನು ಪಕ್ಕಕ್ಕೆ ಸರಿಸಿದ ಜಾಗದಲ್ಲಿ ಹಳ್ಳಿಯ ಮುದುಕಿಯೊಬ್ಬಳು ಗೋಡೆಗೊರಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಆಕೆಯದು ಸಂಧ್ಯಾ ಸುರಕ್ಷೆಯ ಸಣ್ಣ ಪಿಂಚಣಿ. ಬಂದ ಹಣವನ್ನು ಬೆರಳೊತ್ತಿ ತೆಗೆಯಲು ಬಂದವಳು, ಆಕೆಯ ಬೆರಳನ್ನೂ ಯಂತ್ರ ಒಪ್ಪಿರಲಿಲ್ಲ. ತೊಗರಿ ಕೊಯ್ಲಿಗೆ ಹೋಗುತ್ತಿರುವ ಕೈ ಅದು. ಅಂಗೈಯೆಲ್ಲ ಜಡ್ಡುಗಟ್ಟಿ, ಹೆಬ್ಬೆರಳ ತುದಿಯಲ್ಲಿ ಗೆರೆಯೆಂಬುದರ ಸುಳಿವೇ ಇರಲಿಲ್ಲ, ನೆಲ ಸಾರಿಸಿದ ಮೇಲೆ ಉಳಿಯುವ ನುಣುಪು ಮಾತ್ರ ಉಳಿದಿತ್ತು. ರೇಶನ್ ಅಂಗಡಿಯಲ್ಲಿಯೂ ಚಳಿಗಾಲ ಬಂತೆಂದರೆ ತನಗೆ ಇದೇ ಗತಿಯೆಂದೂ, ಅಂಗಡಿಯವನು ಮೊಮ್ಮಗನ ಬೆರಳು ತೆಗೆದುಕೊಂಡು ಅಕ್ಕಿ ಕೊಡುತ್ತಾನೆಂದೂ, ಇಲ್ಲಿ ಮೊಮ್ಮಗನ ಬೆರಳು ನಡೆಯುವುದಿಲ್ಲವೆಂದೂ ಆಕೆ ಹೇಳಿದಳು. ತಕರಾರಿನ ಧಾಟಿಯಲ್ಲಿ ಹೇಳಲಿಲ್ಲ. ಈ ಸಲ ಮಳೆ ಕಡಿಮೆಯಾಯಿತೆಂದು ಹೇಳುವವರ ಸಮಾಧಾನದಲ್ಲಿ ಹೇಳಿದಳು. ಜೀವಮಾನವಿಡೀ ದುಡಿದು ಸವೆದ ಬೆರಳು ದುಡಿದದ್ದಕ್ಕಾಗಿಯೇ ಅಪರಾಧಿಯಾಗುವುದನ್ನು ಕಂಡಾಗ ನನ್ನ ಸ್ವಂತದ ಅವಮಾನ ಹಿಂದಾಗಿ, ಮ್ಯಾನೇಜರರ ಕೋಣೆಗೆ ಹೋಗುವ ಧೈರ್ಯ ಬಂತು.

ಮ್ಯಾನೇಜರರು ಬೇರೆ ಸೀಮೆಯವರು, ತರುಣರು. ಯಂತ್ರವು ಒಪ್ಪದಿದ್ದರೆ ಕಾಗದದ ನಮೂನೆಯಲ್ಲಿ ನನ್ನ ಸಹಿ ಪಡೆದು, ನನ್ನನ್ನು ಪ್ರತ್ಯಕ್ಷ ಕಂಡುದಾಗಿ ತಾವು ಸಹಿ ಮಾಡಿರೆಂದು ವಿನಯದಿಂದಲೇ ಕೇಳಿದೆ. “ಈಗ ಕಾಗದ ನಡೆಯೋದಿಲ್ಲ, ಎಲ್ಲ ಡಿಜಿಟಲ್. ಬೆರಳು ಸರಿಹೋದ ಮೇಲೆ ಬನ್ನಿ” ಎಂದರು. ಎಪ್ಪತ್ತೆಂಟು ವರ್ಷದ ಬೆರಳು ಯಾವ ಮಾಸದಲ್ಲಿ ಸರಿಹೋಗುವುದೆಂದು ಕೇಳಿದೆ. ಅವರು ಫೋನು ಎತ್ತಿಕೊಂಡರು. ಡಿಜಿಟಲ್ ಕ್ರಮವು ಬಂದಮಾತ್ರಕ್ಕೆ ಕಾಗದದ ಪತ್ರವನ್ನು ಸರಕಾರ ರದ್ದುಮಾಡಿಲ್ಲ. ಅದನ್ನು ತಿಳಿಯದೆ ಇದ್ದದ್ದು ಆ ಅಧಿಕಾರಿಯ ದೋಷ. ತಿಳಿದೂ ಹಾಗೆ ಹೇಳಿದ್ದರೆ ಇನ್ನೂ ದೊಡ್ಡ ದೋಷ. 1982ರ ಡಿಸೆಂಬರ್ 17ರಂದು ನಕಾರ ಎಂಬವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ಪಿಂಚಣಿಯು ಧಣಿಯ ಇಚ್ಛೆಯಂತೆ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಗೆ ಸಲ್ಲುವ ಹಕ್ಕು ಎಂದು ತೀರ್ಪಿತ್ತಿತು. ದೇಶದ ಪಿಂಚಣಿದಾರರು ಆ ದಿನವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಅದನ್ನು ಆ ಕೋಣೆಯಲ್ಲಿ ನಿಂತು, ಹೊರಗಿನ ಸಾಲಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದೆ. ಹೇಳಿದ್ದಕ್ಕೆ ನನಗೆ ಸಂತೋಷವಿದೆ.

ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ನಡೆದೆ. ನಾನು ಕುಳಿತಿದ್ದಂಥ ಕುರ್ಚಿಯಲ್ಲಿ ಈಗ ತರುಣಿಯೊಬ್ಬಳು ಕುಳಿತಿದ್ದಾಳೆ. ನಾನು ವಿಷಯ ಹೇಳುವ ಮೊದಲೇ ನನ್ನ ಹೆಬ್ಬೆರಳನ್ನು ನೋಡಿ, “ಕೂಡ್ರಿ ಕಾಕಾ” ಎಂದು ಚಹಾ ತರಿಸಿದಳು. ನಮೂನೆಯನ್ನು ತಾನೇ ಮುದ್ರಿಸಿ, ನನ್ನ ಪಿಂಚಣಿಯ ಆದೇಶದ ಸಂಖ್ಯೆಯನ್ನು ಮೂಲಪತ್ರದೊಡನೆ ತಾಳೆ ನೋಡಿ, ನನ್ನ ಸಹಿ ಪಡೆದು, ತನ್ನ ಸಹಿ ಹಾಕಿ, ದುಂಡುಮುದ್ರೆ ಒತ್ತಿದಳು. ಹತ್ತು ನಿಮಿಷದ ಕೆಲಸ. ಅದೇ ಪತ್ರವನ್ನು ಹಿಡಿದು ಬ್ಯಾಂಕಿಗೆ ಮರಳಿದಾಗ ಮ್ಯಾನೇಜರರು ಅದನ್ನು ತಿರುವಿ ತಿರುವಿ ನೋಡಿ ತೆಗೆದುಕೊಂಡರು. ಆದರೆ ಸ್ವೀಕೃತಿ ಕೊಡಲು ಒಪ್ಪಲಿಲ್ಲ. ಪಿಂಚಣಿದಾರನು ಕೊಟ್ಟ ಜೀವಿತ ಪ್ರಮಾಣಪತ್ರಕ್ಕೆ ಸಹಿ ಮಾಡಿದ ಸ್ವೀಕೃತಿ ಕೊಡಬೇಕೆಂಬುದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಆದೇಶ. ಅದು ಸಿಗುವವರೆಗೆ ಏಳುವುದಿಲ್ಲವೆಂದು ಕೌಂಟರಿನೆದುರಿನ ಬೆಂಚಿನ ಮೇಲೆ ಕುಳಿತೆ. ಮಧ್ಯಾಹ್ನದ ಊಟದ ವಿರಾಮ ಬಂತು, ಹೋಯಿತು. ಮಾತ್ರೆಯ ಹೊತ್ತು ಮೀರಿ ನಮ್ಮ ಮನೆಯವರು ಬುತ್ತಿಯೊಡನೆ ಹುಡುಕಿಕೊಂಡು ಬಂದರು. ಬೆಂಚಿನ ಮೇಲೆಯೇ ರೊಟ್ಟಿ ತಿಂದೆ. ಬಾಗಿಲು ಹಾಕುವ ಹೊತ್ತಿಗೆ ಅದೇ ಗುಮಾಸ್ತನು ಬಂದು, ಮುದ್ರೆ, ತಾರೀಖು, ಸಹಿ ಇರುವ ಪ್ರತಿಯೊಂದನ್ನು ಕೈಗಿಟ್ಟು, “ತಪ್ಪ ತಿಳ್ಕೋಬ್ಯಾಡ್ರಿ ಅಜ್ಜಾರ” ಎಂದ. ಅವನ ಮೇಲೆ ನನಗೆ ದ್ವೇಷವಿಲ್ಲ. ಅವನ ಕಣ್ಣಿಗಿಂತ ಗಾಜಿಗೆ ಹೆಚ್ಚಿನ ಬೆಲೆ ಕೊಟ್ಟವರ ಮೇಲೆ ಇದೆ.

ಆ ಕಾಗದದ ಚೂರೇ ನನ್ನನ್ನು ಕಾಪಾಡಿತು. ಡಿಸೆಂಬರ್ ಕೊನೆಯ ದಿನ ಖಾತೆಗೆ ಪಿಂಚಣಿ ಬರಲಿಲ್ಲ. ವಿಚಾರಿಸಿದರೆ ನನ್ನ ಪ್ರಮಾಣಪತ್ರ ಬಂದೇ ಇಲ್ಲವೆಂಬ ಉತ್ತರ. ಔಷಧದಂಗಡಿಯಲ್ಲಿ ಉದ್ರಿ, ಹಾಲಿನವನಿಗೆ ಉದ್ರಿ. ಯಾರ ಹಂಗಿನಲ್ಲಿಯೂ ಇರದೆ ಬಾಳಿದವನು ಸಂಕ್ರಮಣಕ್ಕೆ ಎಳ್ಳು-ಬೆಲ್ಲ ತರುವುದಕ್ಕೂ ಲೆಕ್ಕ ಹಾಕಬೇಕಾಯಿತು. ಮಗನು ಹಣ ಕಳಿಸುವೆನೆಂದ. ಬೇಡವೆಂದೆ, ಅದು ನನ್ನ ಹಟ, ಆ ಹಟ ನನ್ನದಾಗಿಯೇ ಇರಲಿ. ಸ್ವೀಕೃತಿಯ ನೆರಳಚ್ಚನ್ನು ಲಗತ್ತಿಸಿ, ಪಿಂಚಣಿಯನ್ನು ಸಂಸ್ಕರಿಸುವ ಮೇಲಿನ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಬರೆದೆ. ನನ್ನ ಪತ್ರವು ಶಾಖೆಯ ಯಾವುದೋ ಕಡತದಲ್ಲಿ ನಮೂದಾಗದೆ ಉಳಿದಿತ್ತೆಂದು ಆಮೇಲೆ ತಿಳಿಯಿತು. ಸಿದ್ಧೇಶ್ವರನ ಜಾತ್ರೆ ಮುಗಿದ ಕೆಲವು ದಿನಗಳಿಗೆ ಬಾಕಿ ಸಹಿತ ಹಣ ಬಂತು. ಕ್ಷಮೆಯ ಒಂದು ಸಾಲು ಬರಲಿಲ್ಲ.

ಇನ್ನು ಅನುಭವದಿಂದ ಹೇಳಬಹುದಾದದ್ದು ಇಷ್ಟು. ಬೆರಳನ್ನು ನಂಬಿ ಹೋಗುವವರು ಎರಡು ಮೂರು ರಾತ್ರಿ ಮೊದಲಿನಿಂದಲೇ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಮಲಗಲಿ. ಬೆಳಿಗ್ಗೆ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಜಿಡ್ಡು ಉಳಿಯದಂತೆ ಒರೆಸಿಕೊಳ್ಳಲಿ. ಮುಂಜಾನೆ ಓಡದೆ, ಬಿಸಿಲೇರಿ ಕೈ ಬೆಚ್ಚಗಾದ ಮೇಲೆ ಹೋಗಲಿ. ಹೆಬ್ಬೆರಳೇ ಆಗಬೇಕೆಂಬ ನಿಯಮವಿಲ್ಲ, ಹತ್ತರಲ್ಲಿ ಯಾವುದಾದರೂ ಆದೀತು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನೂ ಭಾವಚಿತ್ರವನ್ನೂ ಹೊಸದಾಗಿ ಕೊಡುವವರು ಮಳೆಗಾಲದಲ್ಲಿ, ಚರ್ಮ ಮೆತ್ತಗಿರುವಾಗ, ಕೊಡುವುದು ಲೇಸು. ಎಂಬತ್ತು ತುಂಬಿದ ಕೇಂದ್ರದ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಬಹುಮಂದಿಗೆ ಇದು ತಿಳಿದಿಲ್ಲ. ಅಂಚೆಯವನು ಮನೆಗೇ ಬಂದು ಈ ಕೆಲಸ ಮಾಡಿಕೊಡುವ ಏರ್ಪಾಟು 2020ರಿಂದ ಇದೆ, ಶುಲ್ಕವೂ ಅಲ್ಪ. ಯಂತ್ರ ಒಪ್ಪದಿದ್ದರೆ ಕಾಗದ. ಕಾಗದ ಕೊಟ್ಟರೆ ಸ್ವೀಕೃತಿ. ಸ್ವೀಕೃತಿಯಿಲ್ಲದೆ ಮೆಟ್ಟಿಲಿಳಿಯಬೇಡಿ, ಸಂಜೆಯಾದರೂ ಸರಿಯೆ. ಮಕ್ಕಳಿಗೆ ನನ್ನ ಮಾತು ಬೇರೆ: ಹಿರಿಯರ ಕೆಲಸವನ್ನು ಕೈಗೆತ್ತಿಕೊಂಡಿರಾದರೆ ತಿಂಗಳ ಮೊದಲ ವಾರ ಬನ್ನಿ, ಮುಗಿಸಿ ಹೋಗಿ, ಇಲ್ಲವಾದರೆ ಅವರ ಕಾಲಿಗೆ ಶಕ್ತಿಯಿರುವಾಗ ಅವರ ರೂಢಿಗೆ ಅವರನ್ನು ಬಿಡಿ.

ಇಂಡಿ ತಾಲೂಕಿನ ಹಳ್ಳಿಯಲ್ಲಿರುವ ನಮ್ಮಕ್ಕನಿಗೆ ಈಗ ಎಂಬತ್ನಾಲ್ಕು. ಆಕೆಯ ಗಂಡ, ನಮ್ಮ ಮಾವ, ರೇಲ್ವೆಯಲ್ಲಿದ್ದರು. ಅವರ ಹಿಂದೆ ಬಂದ ಕುಟುಂಬ ಪಿಂಚಣಿಯೇ ಆಕೆಗೆ ಆಧಾರ. ಪ್ರತಿವರ್ಷ ನವೆಂಬರದಲ್ಲಿ ಆಕೆಯನ್ನು ಟಂಟಂ ಗಾಡಿಯಲ್ಲಿ ತಾಲೂಕಿಗೆ ಸಾಗಿಸುತ್ತಿದ್ದರು. ಈ ವರ್ಷ ಹಾಗಾಗದಂತೆ, ಅಕ್ಟೋಬರ್ ಮೊದಲ ವಾರ ಮನೆಗೇ ಬರಬೇಕೆಂದು ಅಲ್ಲಿಯ ಅಂಚೆಯವನಿಗೆ ಈಗಲೇ ಹೇಳಿಟ್ಟಿದ್ದೇನೆ. ಅವನ ಯಂತ್ರವೂ ಆಕೆಯ ಬೆರಳನ್ನು ಒಪ್ಪದಿದ್ದರೆ ಅದೇ ದಿನ ಪಂಚಾಯತಿಯ ಅಧ್ಯಕ್ಷರ ಸಹಿ ಆಗುವಂತೆ ಮಾತಾಡಿ, ನಮೂನೆಯ ಪ್ರತಿಗಳನ್ನು ಭರ್ತಿ ಮಾಡಿ, ಅಕ್ಕನ ಸೊಸೆಯ ಕೈಯಲ್ಲಿ ಕೊಟ್ಟು ಬಂದಿದ್ದೇನೆ.